ಮಾರಾಟಕ್ಕಿಲ್ಲದ ಕುದುರೆಗಳನ್ನೂ ನೋಡಿ ಬನ್ನಿ

ಕರ್ನಾಟಕದಿಂದ ಕುದುರೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಯಾವುದಾದರೂ ಜಾತ್ರೆಯ ದಾರಿ ಹಿಡಿಯುತ್ತಾರೆ. ಕಾರ್ತಿಕದಲ್ಲಿ ರಾಜಸ್ಥಾನದ ಪುಷ್ಕರ, ಚೈತ್ರದಲ್ಲಿ ಬಾಲೋತ್ರಾ ಬಳಿಯ ತಿಲವಾಡಾ, ದತ್ತ ಜಯಂತಿಗೆ ಮಹಾರಾಷ್ಟ್ರದ ಸಾರಂಗಖೇಡಾ, ಖಂಡೋಬನ ಹೆಸರಿನಲ್ಲಿ ಸೇರುವ ನಾಂದೇಡ್ ಜಿಲ್ಲೆಯ ಮಾಳೇಗಾವ್, ನಮ್ಮ ಗಡಿಗೆ ಹತ್ತಿರವೆಂದರೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್. ಇತ್ತೀಚೆಗೆ ಜಾತ್ರೆಗೂ ಹೋಗದೆ, ದಲ್ಲಾಳಿ ಫೋನಿಗೆ ಕಳಿಸಿದ ವಿಡಿಯೊ ನೋಡಿ ಮುಂಗಡ ಹಾಕುವವರೂ ಹೆಚ್ಚಾಗಿದ್ದಾರೆ. ಜಾತ್ರೆಯಲ್ಲಾಗಲಿ ಫೋನಿನಲ್ಲಾಗಲಿ ಕಾಣುವುದು ಕುದುರೆ ಮಾತ್ರ. ಅದನ್ನು ಹುಟ್ಟಿಸಿ ಬೆಳೆಸಿದ ಮನೆ ಕಾಣುವುದಿಲ್ಲ.

ನೋಡಬೇಕಾದದ್ದು ಆ ಮನೆಯನ್ನು. ಚೆನ್ನಾಗಿ ನೋಡಿಕೊಂಡ ಕುದುರೆ 25ರಿಂದ 30 ವರ್ಷ ಬಾಳುತ್ತದೆ. ಆದರೆ ಆ ಬಾಳು ಹೇಗಿರಬೇಕೆಂಬುದರ ಬಹುಪಾಲು ಕೊಳ್ಳುವವರು ಅದನ್ನು ನೋಡುವ ಮೊದಲೇ ತೀರ್ಮಾನವಾಗಿರುತ್ತದೆ: ತಾಯಿಯ ಹೊಟ್ಟೆಯಲ್ಲಿ ಕಳೆದ ಹನ್ನೊಂದು ತಿಂಗಳು, ಹುಟ್ಟಿದ ರಾತ್ರಿಯ ಮೊದಲ ಕೆಲವು ಗಂಟೆ, ತಾಯಿಯ ಜೊತೆಗಿದ್ದ ನಾಲ್ಕರಿಂದ ಆರು ತಿಂಗಳು, ಬೆನ್ನಿಗೆ ಮೊದಲ ಬಾರಿ ಜೀನು ಬಿದ್ದ ವಯಸ್ಸು. ಇವುಗಳಲ್ಲಿ ಕೆಟ್ಟದ್ದನ್ನು ನೀವು ಎಷ್ಟು ಹುರುಳಿ ತಿನ್ನಿಸಿದರೂ ಪೂರ್ತಿ ಸರಿಪಡಿಸಲಾರಿರಿ. ಹಾಗಾಗಿ ಸಾಕಣೆದಾರರ ಲಾಯಕ್ಕೆ ಹೋದಾಗ ಮಾರಾಟಕ್ಕಿಟ್ಟ ಮರಿಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ. ಮಾರಾಟಕ್ಕಿಲ್ಲದ ಕುದುರೆಗಳನ್ನು ತೋರಿಸಲು ಕೇಳಿ. ಮರಿ ಹಾಕುವುದು ನಿಂತ ಮುದಿ ಹೆಣ್ಣುಗಳು ಎಲ್ಲಿವೆ? ಬೀಜ ತೆಗೆಸಿದ ಗಂಡುಗಳಿವೆಯೆ? ಕಾಲು ಊನವಾದದ್ದು ಯಾವುದಾದರೂ ಉಳಿದಿದೆಯೆ? ಹತ್ತು ವರ್ಷಗಳಿಂದ ಮರಿ ಮಾರುತ್ತಿದ್ದೇನೆ ಎನ್ನುವವರ ಲಾಯದಲ್ಲಿ ಒಂದೂ ಮುದಿ ಕುದುರೆ ಇಲ್ಲದಿದ್ದರೆ ಅವು ಎಲ್ಲಿ ಹೋದವೆಂದು ಕೇಳುವ ಹಕ್ಕು ನಿಮಗಿದೆ. ಅಲ್ಲಿ ಬರುವ ಉತ್ತರ, ಅಥವಾ ಉತ್ತರ ಬಾರದಿರುವುದು, ಮರಿಯ ಬಗ್ಗೆ ಅವರು ಹೇಳುವ ಎಲ್ಲ ಮಾತಿಗಿಂತ ಹೆಚ್ಚು ತಿಳಿಸುತ್ತದೆ.

ತಾಯಿ ಮತ್ತು ಆ ರಾತ್ರಿ

ತಾಯಿ ಕುದುರೆಯನ್ನು ನೋಡದೆ ಮರಿಯ ಬೆಲೆ ಮಾತಾಡಬೇಡಿ. ‘ತಾಯಿ ಬೇರೆ ಊರಲ್ಲಿದೆ’, ‘ಮೊನ್ನೆಯಷ್ಟೇ ಮಾರಿದೆವು’ ಎಂಬ ಮಾತು ಬಂದರೆ, ಆ ಮರಿ ಅಲ್ಲಿ ಹುಟ್ಟಿದ್ದಲ್ಲ, ಯಾರಿಂದಲೋ ಕೊಂಡು ತಂದದ್ದು ಎಂದೇ ತಿಳಿದು ಮುಂದಿನ ಪ್ರಶ್ನೆ ಕೇಳಿ. ತಾಯಿ ಎದುರಿಗಿದ್ದರೆ ಪಕ್ಕೆಯ ಮೇಲೆ ಅಂಗೈ ಆಡಿಸಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಗೊರಸು ಸೀಳಿಲ್ಲದೆ, ಮುಂದಕ್ಕೆ ಚಾಚಿ ಬೆಳೆಯದೆ ಇರಬೇಕು. ಮನುಷ್ಯರು ಹತ್ತಿರ ಬಂದಾಗ ಅದು ಕಿವಿ ಹಿಂದಕ್ಕೆ ಮಡಚಿ ಮೂಲೆ ಸೇರುತ್ತದೆಯೆ, ಮೂತಿ ಚಾಚಿ ಮುಂದೆ ಬರುತ್ತದೆಯೆ ಎಂಬುದನ್ನೂ ಗಮನಿಸಿ. ಮರಿ ಮನುಷ್ಯರನ್ನು ನಂಬುವುದನ್ನು, ಹೆದರುವುದನ್ನು ಕಲಿಯುವುದು ತಾಯಿಯಿಂದಲೇ.

ಆಮೇಲೆ ಲೆಕ್ಕ ಕೇಳಿ. ಹೆಣ್ಣು ಕುದುರೆ ಎರಡನೆಯ ವರ್ಷಕ್ಕೇ ಬೆದೆಗೆ ಬರಬಹುದು. ಆದರೆ ತನ್ನ ಮೈಯೇ ಇನ್ನೂ ಬೆಳೆಯುತ್ತಿರುವಾಗ ಅದಕ್ಕೆ ಇನ್ನೊಂದು ಜೀವ ಹೊರಿಸುವುದು ಅನ್ಯಾಯ. ಜವಾಬ್ದಾರಿಯುಳ್ಳವರು ಕನಿಷ್ಠ ಮೂರು, ಸಾಧ್ಯವಾದರೆ ನಾಲ್ಕು ವರ್ಷ ತುಂಬುವವರೆಗೆ ಕಾಯುತ್ತಾರೆ. ಮರಿ ಹಾಕಿದ ಏಳರಿಂದ ಹತ್ತು ದಿನಕ್ಕೇ ಕುದುರೆ ಮತ್ತೆ ಬೆದೆಗೆ ಬರುವುದುಂಟು. ಆ ಬೆದೆಯನ್ನೇ ಹಿಡಿದು ವರ್ಷ ತಪ್ಪದೆ ಗಬ್ಬ ನಿಲ್ಲಿಸುವವರೂ ಇದ್ದಾರೆ. ಮೈ ತುಂಬಿಕೊಂಡ, ವೈದ್ಯರು ಪರೀಕ್ಷಿಸಿ ಒಪ್ಪಿದ ಕುದುರೆಗೆ ಇದರಿಂದ ದೊಡ್ಡ ತೊಂದರೆಯಾಗದಿರಬಹುದು. ಮೂಳೆ ಕಾಣುವ, ಒಂದು ಮರಿಗೆ ಹಾಲೂಡುತ್ತಾ ಇನ್ನೊಂದನ್ನು ಹೊತ್ತ ಕುದುರೆಯನ್ನು ಕಂಡರೆ ಮಾತ್ರ ಅಲ್ಲಿಂದ ಹಿಂತಿರುಗಿ.

ಒಳ್ಳೆಯ ಸಾಕಣೆದಾರರ ಬಳಿ ಒಂದು ಪುಸ್ತಕವಿರುತ್ತದೆ. ಯಾವ ದಿನ ಯಾವ ಗಂಡಿಗೆ ಕೊಡಿಸಿದ್ದು, ಯಾವಾಗ ಸ್ಕ್ಯಾನ್ ಮಾಡಿಸಿದ್ದು, ಯಾವ ದಿನ ಮರಿ ಹಾಕಿದ್ದು, ಯಾವ ಚುಚ್ಚುಮದ್ದು ಯಾವಾಗ ಕೊಡಿಸಿದ್ದು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಗರ್ಭದ ಅವಧಿ ಸರಾಸರಿ 340 ದಿನ, ಸ್ವಲ್ಪ ಹಿಂದೆ ಮುಂದೆ. ಅವರು ಹೇಳಿದ ಎರಡು ದಿನಾಂಕಗಳ ನಡುವಿನ ದಿನಗಳನ್ನು ನೀವೇ ಎಣಿಸಿ. ತಂದೆ ಬೇರೆ ಯಾವುದೋ ಆಗಿದ್ದರೆ, ಮರಿಯ ವಯಸ್ಸು ಏರಿಸಿ ಇಳಿಸಿ ಹೇಳಿದ್ದರೆ ಹಲವು ಸಲ ಈ ಎಣಿಕೆಯಲ್ಲೇ ಸಿಕ್ಕಿಬೀಳುತ್ತದೆ.

ಹುಟ್ಟಿದ ರಾತ್ರಿಯ ಬಗ್ಗೆ ಕೇಳುವುದಂತೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕುದುರೆಗಳು ಹೆಚ್ಚಾಗಿ ರಾತ್ರಿಯಲ್ಲೇ ಮರಿ ಹಾಕುತ್ತವೆ. ಆರೋಗ್ಯವಂತ ಮರಿ ಸುಮಾರು ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಮಾಸು ಒಳಗೇ ಉಳಿದರೆ ನಂಜೇರಿ ತಾಯಿಯ ಗೊರಸಿನವರೆಗೂ ಉರಿಯೂತ ಇಳಿಯುತ್ತದೆ, ಪ್ರಾಣಕ್ಕೇ ಬರಬಹುದು. ಮರಿಗೆ ಗಿಣ್ಣು ಹಾಲು ಏಕೆ ಅಷ್ಟು ಅವಸರ ಎಂದರೆ, ಕುದುರೆಯ ಹೊಟ್ಟೆಯಲ್ಲಿರುವಾಗ ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ದಾಟುವುದಿಲ್ಲ. ಅದೆಲ್ಲ ಬರುವುದು ಗಿಣ್ಣಿನಿಂದ. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಒಂದು ದಿನ ಮಾತ್ರ ಇರುತ್ತದೆ, ಅದೂ ಗಂಟೆಗಂಟೆಗೆ ಇಳಿಯುತ್ತಾ. ‘ಇದು ಎಷ್ಟು ಹೊತ್ತಿಗೆ ಎದ್ದಿತು? ಗಿಣ್ಣು ಯಾವಾಗ ಕುಡಿಯಿತು?’ ಎಂದು ಕೇಳಿ. ಆ ರಾತ್ರಿ ಲಾಯದಲ್ಲಿ ಎಚ್ಚರವಿದ್ದವರು ಥಟ್ಟನೆ ಹೇಳುತ್ತಾರೆ. ಹೇಳುತ್ತಾ ಅವರ ಮುಖ ಅರಳುವುದನ್ನೂ ನೋಡಬಹುದು. ಬೆಳಗ್ಗೆ ಬಂದು ನೋಡಿದಾಗ ಮರಿ ಇತ್ತು ಎನ್ನುವವರು ಯಾವ ಸಾಲಿಗೆ ಸೇರಿದವರೆಂದು ಬೇರೆ ಹೇಳಬೇಕಿಲ್ಲ.

ತಾಯಿಯಿಂದ ಮರಿಯನ್ನು ಬಿಡಿಸುವುದು ನಾಲ್ಕರಿಂದ ಆರು ತಿಂಗಳಿಗೆ. ಎರಡೂವರೆ ತಿಂಗಳ ಮರಿಯನ್ನು ‘ಬಾಟಲಿ ಹಾಲಿಗೆ ಒಗ್ಗಿದೆ, ಒಯ್ಯಿರಿ’ ಎಂದು ಕೊಡುವವರಿಂದ ಕೊಳ್ಳಬೇಡಿ.

ಬೀಜದ ಕುದುರೆ, ಎತ್ತರ, ಬಣ್ಣ, ಸುಳಿ

ರಾಜಸ್ಥಾನದ ಮಾರವಾಡಿ ತಳಿಯ ಕುದುರೆಗಳ ಮಾರುಕಟ್ಟೆಯಲ್ಲಿ ಇವತ್ತು ಮೊದಲ ಪ್ರಶ್ನೆ ಎತ್ತರದ್ದು, ಎರಡನೆಯದು ಬಣ್ಣದ್ದು, ಮೂರನೆಯದು ಕಿವಿಯ ತುದಿಗಳು ಕೂಡುತ್ತವೆಯೇ ಎಂಬುದು. ಕಾಲಿನ ಕೀಲು, ಗೊರಸು, ಬೆನ್ನು, ಗುಣ ಇವುಗಳ ಸರದಿ ಆಮೇಲೆ. ಇದು ಕೊಳ್ಳುವವರು ಹುಟ್ಟಿಸಿದ ಹುಚ್ಚು; ಸಾಕುವವರು ಅದನ್ನೇ ಬೆಳೆಸುತ್ತಿದ್ದಾರೆ. ಜಾತ್ರೆಯಲ್ಲಿ ಬಹುಮಾನ ಪಡೆದ ಒಂದು ಗಂಡಿಗೆ ಸುತ್ತಲಿನ ಜಿಲ್ಲೆಗಳ ಹೆಣ್ಣುಗಳನ್ನೆಲ್ಲ ಕೊಡಿಸಿ, ನಾಲ್ಕೈದು ವರ್ಷದ ಮೇಲೆ ಅದರ ಮಗಳನ್ನೇ ತಂದು ಅದಕ್ಕೆ ಕೊಡಿಸುವುದೂ ನಡೆಯುತ್ತದೆ. ತಂದೆ ಮಗಳ ಕೂಡುವಿಕೆಯಲ್ಲಿ ಹುಟ್ಟಿದ ಮರಿಯಲ್ಲಿ ಯಾವುದೇ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಶೇ 25. ಎರಡೂ ಕಡೆ ಅಡಗಿ ಕೂತಿದ್ದ ಕೆಡುಕು ಹೊರಬರುವುದು ಹೀಗೆ. ಮೂರು ತಲೆಮಾರಿನ ಹೆಸರು ಬರೆದು ಕೊಡಲು ಕೇಳಿ. ಒಂದೇ ಹೆಸರು ತಂದೆಯ ಕಡೆಯೂ ತಾಯಿಯ ಕಡೆಯೂ ಮತ್ತೆ ಮತ್ತೆ ಬಂದರೆ ಏಕೆಂದು ಕೇಳಿ.

‘ನಿಮ್ಮ ಗಂಡು ಕುದುರೆಯಲ್ಲಿ ಏನು ಕೊರತೆ ಇದೆ?’ ಎಂಬ ಪ್ರಶ್ನೆಗೂ ಉತ್ತರ ಬೇಕು. ಕೊರತೆಯಿಲ್ಲದ ಕುದುರೆ ಎಲ್ಲೂ ಇಲ್ಲ. ಮುಂಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ, ಅದಕ್ಕೇ ನೇರ ಕಾಲಿನ ಹೆಣ್ಣುಗಳಿಗೆ ಮಾತ್ರ ಕೊಡಿಸುತ್ತೇನೆ ಎನ್ನುವವರು ತಮ್ಮ ಕೆಲಸ ಬಲ್ಲವರು. ಮೇಲಿನ ದವಡೆ ಮುಂದಕ್ಕೆ ಚಾಚಿ ಗಿಳಿಮೂತಿಯಂತಾದ ಗಂಡನ್ನು, ಒಂದು ವೃಷಣ ಹೊಟ್ಟೆಯೊಳಗೇ ಉಳಿದ ಗಂಡನ್ನು ಬೀಜಕ್ಕೆ ಇಟ್ಟುಕೊಂಡವರು ಬಲ್ಲವರಲ್ಲ, ಅಥವಾ ಬಲ್ಲವರಾದರೂ ಲೆಕ್ಕಿಸದವರು. ಹುಟ್ಟಿದ ಗಂಡುಗಳೆಲ್ಲ ಬೀಜಕ್ಕೆ ಯೋಗ್ಯವಲ್ಲ. ಬಹುಪಾಲು ಗಂಡುಗಳ ಬೀಜ ತೆಗೆಸುವುದೇ ಅವುಗಳಿಗೂ ಸವಾರರಿಗೂ ಒಳ್ಳೆಯದು. ಆಗ ಅವು ಉಳಿದ ಕುದುರೆಗಳ ಜೊತೆ ಬಯಲಿನಲ್ಲಿ ಮೇಯಬಲ್ಲವು. ನಮ್ಮಲ್ಲಿ ಹಾಗೆ ಮಾಡುವವರು ಕಡಿಮೆ. ಅದರ ಫಲವಾಗಿ ಎಷ್ಟೋ ಗಂಡುಗಳು ಮುಂಗಾಲಿಗೂ ಹಿಂಗಾಲಿಗೂ ಹಗ್ಗ ಬಿಗಿಸಿಕೊಂಡು, ದಿನವಿಡೀ ಒಂದೇ ಗೂಟದ ಬಳಿ ನಿಂತು ಜೀವ ಸವೆಸುತ್ತವೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಣ್ಣದ ಹುಚ್ಚು ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ 2022ರಲ್ಲಿ ಪಂಜಾಬಿನಿಂದ ಬಂದ ಸುದ್ದಿ ನೆನಪಿರಬಹುದು. ಅಪ್ಪಟ ಕಪ್ಪು ಮಾರವಾಡಿ ಎಂದು ಇಪ್ಪತ್ತು ಲಕ್ಷಕ್ಕೂ ಮೇಲೆ ಕೊಟ್ಟು ತಂದ ಕುದುರೆಯನ್ನು ಮೈತೊಳೆದಾಗ ಬಣ್ಣ ಕಳಚಿ ಕಂದು ಮೈ ಹೊರಬಂದಿತ್ತು. ಕುದುರೆಯನ್ನು ನಿಮ್ಮೆದುರಿಗೇ ಸೋಪು ಹಾಕಿ ತೊಳೆಸಿ. ಮಾರುವವರು ಬೇಸರಪಟ್ಟುಕೊಂಡರೂ ಸರಿ. ಮದುವೆ ಮೆರವಣಿಗೆಗೆ ಬೇಡಿಕೆಯಿರುವ ನುಕ್ರಾ ಬಿಳಿ ಕುದುರೆಗಳ ವಿಷಯ ಬೇರೆ. ಕೂದಲಿನಡಿಯ ಚರ್ಮವೂ ಗುಲಾಬಿ ಬಣ್ಣದ್ದಾದ್ದರಿಂದ ಮೂತಿ, ಕಣ್ಣಿನ ಸುತ್ತಲ ಚರ್ಮ ಬಿಸಿಲಿಗೆ ಸುಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಒಯ್ಯುವವರಿಗೆ ಇದನ್ನು ತಾವಾಗಿಯೇ ಹೇಳಿ, ನೆರಳಿನ ವ್ಯವಸ್ಥೆ ಇದೆಯೇ ಎಂದು ವಿಚಾರಿಸುವವರು ನಂಬಿಕೆಗೆ ಅರ್ಹರು.

ಎತ್ತಿಗೆ ಸುಳಿ ನೋಡುವ ನಾಡು ನಮ್ಮದು; ರಾಜಸ್ಥಾನದಲ್ಲೂ ಕುದುರೆಗೆ ಸುಳಿ ನೋಡುತ್ತಾರೆ. ಕುತ್ತಿಗೆಯುದ್ದಕ್ಕೆ ಇಳಿದ ಸುಳಿಗೆ ‘ದೇವಮನ್’ ಎಂದು ಹೆಸರಿಟ್ಟು ಹೆಚ್ಚು ಬೆಲೆ ಕಟ್ಟುತ್ತಾರೆ, ಕಣ್ಣಿನ ಕೆಳಗಿನ ಸುಳಿ ಕಂಡರೆ ದೂರ ಸರಿಯುತ್ತಾರೆ. ಕುದುರೆಯ ಗುರುತು ಬರೆದಿಡಲು ಸುಳಿ ತುಂಬ ಉಪಯೋಗ, ಏಕೆಂದರೆ ಅದು ಬದಲಾಗುವುದಿಲ್ಲ. ಬೆಲೆ ಏರಿಸಲು ಅದನ್ನು ಬಳಸುವವರ ಮಾತಿಗೆ ಕಿವಿಗೊಡಬೇಡಿ.

ಕಾಗದ ಎಷ್ಟು ನಂಬಬೇಕು

ರೇಸಿನ ಥರೋಬ್ರೆಡ್ ಕುದುರೆಯಾದರೆ ಕಾಗದ ಪಕ್ಕಾ ಇರಲೇಬೇಕು. ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾ ಪ್ರತಿ ಮರಿಯ ತಂದೆ ತಾಯಿಯನ್ನು ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಂಡು ದಾಖಲಿಸುತ್ತದೆ. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ನಮ್ಮ ಕುಣಿಗಲ್ ಫಾರಂನಲ್ಲಿ ಹುಟ್ಟಿದ್ದಾಗಲಿ ಪುಣೆಯಲ್ಲಿ ಹುಟ್ಟಿದ್ದಾಗಲಿ, ಎಲ್ಲ ಥರೋಬ್ರೆಡ್‌ಗಳಿಗೂ ಲೆಕ್ಕದ ಹುಟ್ಟುಹಬ್ಬ ಜನವರಿ 1. ಬೆಂಗಳೂರು, ಮೈಸೂರಿನಲ್ಲಿ ಓಟ ಮುಗಿಸಿದ ಕುದುರೆಗಳನ್ನು ಸವಾರಿಗೆಂದು ಕೊಳ್ಳುವವರು ಆ ದಾಖಲೆಯನ್ನೂ, ಓಡುತ್ತಿದ್ದಾಗ ಆದ ಗಾಯಗಳ ವಿವರವನ್ನೂ ಕೇಳಿ ಪಡೆಯಬೇಕು.

ಮಾರವಾಡಿ ಕುದುರೆಗಳ ನೋಂದಣಿ ಆರಂಭವಾದದ್ದು 2009ರಲ್ಲಿ. ನೋಂದಾಯಿತ ಕುದುರೆಗೆ ಪಾಸ್‌ಪೋರ್ಟ್ ಇರುತ್ತದೆ. ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಗಳನ್ನು ಓದುವ ಸಾಧನ ತಂದು, ಕಾಗದದ ಅಂಕಿಯೊಂದಿಗೆ ಹೊಂದಿಸಿ ನೋಡಿ. ಪಾಸ್‌ಪೋರ್ಟಿನ ಚಿತ್ರದಲ್ಲಿರುವ ಹಣೆಯ ಬಿಳಿ, ಕಾಲಿನ ಬಿಳಿ, ಸುಳಿಗಳ ಜಾಗ ಎದುರಿಗಿರುವ ಕುದುರೆಯದ್ದೇ ಆಗಿರಬೇಕು. ಒಂದು ಕುದುರೆಯ ಕಾಗದ ಇನ್ನೊಂದರ ಜೊತೆ ಹೋಗುವುದು ಅಪರೂಪವಲ್ಲ.

ಆದರೆ ಕಾಗದವಿದ್ದವರೆಲ್ಲ ಒಳ್ಳೆಯವರು, ಇಲ್ಲದವರೆಲ್ಲ ಕೆಟ್ಟವರು ಎಂಬ ತೀರ್ಮಾನಕ್ಕೆ ಬರಬೇಡಿ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಕುರಿಗಾರರು ಹಟ್ಟಿಯ ಸಾಮಾನು, ಎಳೆಯ ಕುರಿಮರಿ ಹೊರಿಸುವ ತಟ್ಟುಗಳನ್ನು ನೋಡಿ. ಆ ದಖ್ಖನಿ ಕುದುರೆಗಳನ್ನು ‘ಭೀಮಥಡಿ’ ಎಂಬ ಹೆಸರಿನಲ್ಲಿ ಪ್ರತ್ಯೇಕ ತಳಿಯಾಗಿ ಗುರುತಿಸಿದ್ದು ಇತ್ತೀಚೆಗೆ. ಅವುಗಳಿಗೆ ಪಾಸ್‌ಪೋರ್ಟ್ ಇಲ್ಲ. ಆದರೆ ಈ ತಟ್ಟಿನ ತಾಯಿ ಯಾವುದು, ಅಜ್ಜಿ ಎಷ್ಟು ವರ್ಷ ಹೊರೆ ಹೊತ್ತಿತು, ಯಾವುದು ಒದೆಯುತ್ತಿತ್ತು, ಯಾವುದಕ್ಕೆ ಹೊಟ್ಟೆಶೂಲೆ ಬರುತ್ತಿತ್ತು ಎಂಬುದು ಸಾಕಿದ ಕುರಿಗಾರರ ಬಾಯಲ್ಲಿರುತ್ತದೆ. ಕಲ್ಲು ಮುಳ್ಳಿನಲ್ಲಿ ದಿನವೂ ನಡೆಯಲಾರದ ತಟ್ಟನ್ನು ಅವರು ತಳಿಗೆ ಬಿಡುವುದಿಲ್ಲ. ಕಾಗದದಲ್ಲಿ ನಾವು ಹುಡುಕುವುದೂ ಈ ತಿಳಿವನ್ನೇ.

ವೈದ್ಯರನ್ನು ಕರೆದುಕೊಂಡು ಹೋಗಿ

ನಿಮ್ಮ ಪರವಾಗಿ ನೋಡುವ ಪಶುವೈದ್ಯರು ಮಾರುವವರ ಖಾಯಂ ವೈದ್ಯರಾಗಿರಬಾರದು. ಇದನ್ನು ಒಪ್ಪದ ಸಾಕಣೆದಾರರೊಂದಿಗೆ ವ್ಯವಹಾರವೇ ಬೇಡ.

ವೈದ್ಯರು ಬರುವ ಮುಂಚೆ ನೀವೇ ಮಾಡಬಹುದಾದ ಕೆಲಸವೂ ಇದೆ. ಬೆಳಗ್ಗೆ ಬೇಗ ಹೋಗಿ, ಲಾಯದಿಂದ ಕುದುರೆ ಹೊರಗೆ ಹಾಕುವ ಮೊದಲ ಹೆಜ್ಜೆಗಳನ್ನು ನೋಡಿ. ಮೈ ಬಿಸಿಯಾದ ಮೇಲೆ ಮಾಯವಾಗುವ ಕುಂಟು ಆಗ ಕಾಣುತ್ತದೆ. ಗಟ್ಟಿ ನೆಲದ ಮೇಲೆ ಹಗ್ಗ ಸಡಿಲ ಬಿಟ್ಟು ಸಣ್ಣ ಓಟ ಓಡಿಸಿ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಎಗರುತ್ತದೆ. ಬಾಯಿ ತೆರೆಸಿ. ಹಾಲುಹಲ್ಲು ಬಿದ್ದು ನಡುವಿನ ಜೋಡಿ ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಪಕ್ಕದ ಜೋಡಿ ಮೂರೂವರೆಗೆ, ಕೊನೆಯದು ನಾಲ್ಕೂವರೆಗೆ, ಬಾಯಿಗೂಡುವುದು ಐದಕ್ಕೆ. ಮುದಿ ಕುದುರೆಯ ಸವೆದ ಹಲ್ಲಿಗೆ ಕುಳಿ ಕೊರೆದು ಕಪ್ಪು ತುಂಬಿ ಎಳೆಯದೆಂದು ಮಾರುವ ಮೋಸ ಜಗತ್ತಿನಲ್ಲೆಲ್ಲ ಹಳೆಯದು. ಅದನ್ನು ಹಿಡಿಯುವುದು ವೈದ್ಯರ ಕೆಲಸ. ಬಾಯಿಯ ಅಂಚು, ನಾಲಿಗೆ ಸೀಳಿದ್ದರೆ ಮುಳ್ಳಿನ ಕಡಿವಾಣ ಬಳಸಿರಬಹುದು. ಅಂಥ ಕಡಿವಾಣವನ್ನು ಭಾರವೆಳೆಯುವ, ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಯಲು 1965ರಲ್ಲಿ ಬಂದ ನಿಯಮಗಳೇ ನಿಷೇಧಿಸಿವೆ.

ಜೀನು ಯಾವಾಗ ಹಾಕಿದರೆಂದು ತಪ್ಪದೆ ಕೇಳಿ. ಕುದುರೆಯ ಬೆನ್ನುಮೂಳೆಯ ಬೆಳವಣಿಗೆ ಮುಗಿಯಲು ಐದಾರು ವರ್ಷ ಬೇಕು. ಹದಿನೆಂಟು ತಿಂಗಳ ಮರಿಯ ಮೇಲೆ ದೊಡ್ಡ ಆಳು ಕೂತು ಕುಣಿಸುವ ವಿಡಿಯೊಗಳನ್ನು ಹೆಮ್ಮೆಯಿಂದ ತೋರಿಸುವವರಿದ್ದಾರೆ. ಆ ಮರಿಗೆ ಎಂಟು ವರ್ಷ ತುಂಬುವಷ್ಟರಲ್ಲಿ ಬೆನ್ನು, ಮಂಡಿ ಸೋತಿರಬಹುದು. ಆಗ ಅದನ್ನು ನೋಡಿಕೊಳ್ಳಬೇಕಾದವರು ನೀವು. ಜಾತ್ರೆಗೆಂದು ಬೆಲ್ಲ, ತುಪ್ಪ, ಧಾನ್ಯ ತುರುಕಿ ಕೊಬ್ಬಿಸಿದ ಕುದುರೆಯೂ ಅಷ್ಟೇ ಅಪಾಯ. ಮೈ ಮಿರಮಿರ ಮಿಂಚುತ್ತದೆ, ಒಳಗೆ ಗೊರಸಿನ ಉರಿಯೂತ ಶುರುವಾಗಿರಬಹುದು. ಹೆಜ್ಜೆ ಇಡುವಾಗ ಬೆಂಕಿ ಮೇಲೆ ನಡೆದಂತೆ ಹಿಮ್ಮಡಿಗೆ ಭಾರ ಕೊಡುತ್ತಿದ್ದರೆ ಅದೇ ಲಕ್ಷಣ.

ರಕ್ತ ಪರೀಕ್ಷೆಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆ, ಕತ್ತೆಗಳಿಂದ ಮನುಷ್ಯರಿಗೂ ಹರಡುತ್ತದೆ. ಲಸಿಕೆ ಇಲ್ಲ. ರೋಗ ದೃಢಪಟ್ಟ ಪ್ರಾಣಿಯನ್ನು ಕಾನೂನಿನ ಪ್ರಕಾರ ದಯಾಮರಣಕ್ಕೆ ಒಳಪಡಿಸುತ್ತಾರೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ಆಗುತ್ತದೆ. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ. ವರದಿ ಬರುವವರೆಗೆ ಕುದುರೆ ಕದಲುವುದು ಬೇಡ. ನೋವು ನಿವಾರಕ, ಮಂಪರಿನ ಮದ್ದು ಕೊಟ್ಟು ನಿಲ್ಲಿಸಿದ್ದಾರೆಂಬ ಶಂಕೆಯಿದ್ದರೆ ಇನ್ನೊಂದು ಮಾದರಿ ತೆಗೆಸಿಟ್ಟುಕೊಳ್ಳಿ. ‘ಬೇಕಾದರೆ ಇವತ್ತೇ ತೆಗೆಯಿರಿ’ ಎನ್ನುವವರಿಗೆ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಧನುರ್ವಾಯು, ರೇಬಿಸ್, ಇನ್‌ಫ್ಲುಯೆಂಜಾ ಲಸಿಕೆಗಳ ದಿನಾಂಕಗಳನ್ನು ನೋಡಿ. 1987ರಲ್ಲಿ ಮತ್ತು 2008–09ರಲ್ಲಿ ಕುದುರೆ ಇನ್‌ಫ್ಲುಯೆಂಜಾ ದೇಶದ ಹಲವು ಕಡೆ ಹಬ್ಬಿತ್ತು; ಜಾತ್ರೆ ತಿರುಗುವ ಕುದುರೆಗಳಿಗೆ ಈ ಲಸಿಕೆ ಇಲ್ಲದಿರುವುದು ಅಜಾಗರೂಕತೆ.

ಅವರೂ ನಿಮ್ಮನ್ನು ಪ್ರಶ್ನಿಸಬೇಕು

ಹೆಣ್ಣು ಕೊಡುವ ಮನೆಯವರು ಗಂಡಿನ ಮನೆ ವಿಚಾರಿಸುವಂತೆ ಒಳ್ಳೆಯ ಸಾಕಣೆದಾರರು ನಿಮ್ಮನ್ನು ವಿಚಾರಿಸುತ್ತಾರೆ. ಜಾಗ ಎಷ್ಟಿದೆ, ಜೊತೆಗೆ ಇನ್ನೊಂದು ಕುದುರೆ ಇದೆಯೆ, ಲಾಳ ಕಟ್ಟುವವರು ಎಷ್ಟು ದೂರದಲ್ಲಿದ್ದಾರೆ, ಸವಾರಿ ಯಾರು ಮಾಡುತ್ತಾರೆ. ಮರುಭೂಮಿಯ ಕುದುರೆಯನ್ನು ಮಲೆನಾಡಿಗೋ ಕರಾವಳಿಗೋ ಒಯ್ಯುತ್ತೇನೆಂದರೆ, ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆ, ಒಣ ನೆಲದ ಲಾಯ ಕಟ್ಟಿಸಿದ್ದೀರಾ ಎಂದು ಕೇಳುತ್ತಾರೆ. ಸವಾರಿಯನ್ನೇ ಕಲಿಯದವರು ಎಳೆಯ ಗಂಡು ಕೇಳಿದರೆ ಕೊಡುವುದಿಲ್ಲ ಎನ್ನುತ್ತಾರೆ. ಇಂಥ ನಿರಾಕರಣೆಗೆ ಮುನಿಸಿಕೊಳ್ಳಬೇಡಿ. ಹಣ ಎಣಿಸಿದ ಕೂಡಲೇ ಹಗ್ಗ ಕೈಗಿಡುವವರು ಯಾರಿಗೆ ಬೇಕಾದರೂ ಮಾರುವವರು.

ಸಾಗಣೆಯಲ್ಲೂ ಗುಣ ಕಾಣುತ್ತದೆ. ರಾಜಸ್ಥಾನದಿಂದ ಇಲ್ಲಿಗೆ ಲಾರಿಯಲ್ಲಿ ಕೆಲವು ದಿನಗಳ ದಾರಿ. ಪ್ರಯಾಣಕ್ಕೆ ಯೋಗ್ಯವೆಂಬ ವೈದ್ಯರ ಪ್ರಮಾಣಪತ್ರ ಬೇಕೆಂದು 1978ರ ಸಾಗಣೆ ನಿಯಮಗಳು ಹೇಳುತ್ತವೆ. ಎಲ್ಲಿ ಇಳಿಸಿ ನೀರು ಕುಡಿಸಬೇಕು, ಎಲ್ಲಿ ರಾತ್ರಿ ತಂಗಬೇಕು ಎಂದು ಮೊದಲೇ ಗೊತ್ತುಮಾಡಿ, ಜೊತೆಗೆ ತಮ್ಮ ಲಾಯದ ಮೇವನ್ನೂ ಕಳಿಸುವವರು ಬೇಕು. ಆ ಮೇವಿಗೆ ನಿಮ್ಮ ಮೇವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ, ಹತ್ತು ದಿನದಲ್ಲಿ ಬದಲಿಸಬೇಕು. ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಕಟ್ಟಿಟ್ಟದ್ದು. ತಿಂಗಳು ತುಂಬಿದ ಗಬ್ಬದ ಕುದುರೆಯನ್ನು ‘ಒಂದಕ್ಕೆ ಎರಡು’ ಎಂದು ಲಾರಿಗೆ ಹತ್ತಿಸುವವರನ್ನು ಬಿಟ್ಟುಬಿಡಿ.

ಒಪ್ಪಂದ ಬರವಣಿಗೆಯಲ್ಲಿರಲಿ. ವೈದ್ಯರ ತಪಾಸಣೆಯಲ್ಲಿ, ರಕ್ತ ಪರೀಕ್ಷೆಯಲ್ಲಿ ದೋಷ ಕಂಡರೆ ಮುಂಗಡ ಪೂರ್ತಿ ವಾಪಸು ಎಂಬ ಸಾಲು ಅದರಲ್ಲಿರಬೇಕು. ಮುಂದೆ ಎಂದಾದರೂ ಸಾಕಲಾಗದೆ ಹೋದರೆ ಮೊದಲು ನನಗೇ ತಿಳಿಸಿ, ನಾನೇ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಡುವವರು ಸಿಕ್ಕರೆ ಬೆಲೆ ಸ್ವಲ್ಪ ಹೆಚ್ಚಾದರೂ ಅವರಲ್ಲೇ ಕೊಳ್ಳಿ. ಹಳೆಯ ಗಿರಾಕಿಗಳಿಬ್ಬರ ಫೋನ್ ಸಂಖ್ಯೆ ಪಡೆದು, ಐದು ವರ್ಷದ ಹಿಂದೆ ಒಯ್ದ ಕುದುರೆ ಈಗ ಹೇಗಿದೆ ಎಂದು ವಿಚಾರಿಸಿ.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕುದುರೆ, ತಟ್ಟುಗಳ ಸಂಖ್ಯೆ 3.4 ಲಕ್ಷ, 2012ಕ್ಕೆ ಹೋಲಿಸಿದರೆ ಶೇ 45.6ರಷ್ಟು ಕಡಿಮೆ. ಹೀಗೆ ಇಳಿಯುತ್ತಿರುವಾಗ ಉಳಿದ ತಳಿಗಳ ಗುಣ ಯಾರ ಕೈಯಲ್ಲಿ ಉಳಿಯಬೇಕೆಂದು ತೀರ್ಮಾನಿಸುವುದು ಕೊಳ್ಳುವವರ ಹಣ. ಅದಕ್ಕಾಗಿ ಒಂದು ಕೋರಿಕೆ. ಎಲುಬು ಬಿಟ್ಟ, ಹುಣ್ಣಾದ ಮರಿಯನ್ನು ಕಂಡು ಮರುಕದಿಂದ ಕೊಂಡು ತರಬೇಡಿ. ನೀವು ಕೊಟ್ಟ ಹಣದಿಂದ ಅದೇ ಬಡಕಲು ತಾಯಿಗೆ ಮರುವರ್ಷ ಮತ್ತೆ ಗಬ್ಬ ನಿಲ್ಲಿಸುತ್ತಾರೆ. ಕರ್ನಾಟಕದಲ್ಲಾದರೆ ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿ, ಹತ್ತಿರದ ಪಶು ಆಸ್ಪತ್ರೆಗೂ ತಿಳಿಸಿ. ಮೂಗಿನಲ್ಲಿ ಕೀವು, ಮೈಮೇಲೆ ಒಡೆದ ಗಂಟುಗಳಿದ್ದರೆ ಮುಟ್ಟಬೇಡಿ. ಗ್ಲ್ಯಾಂಡರ್ಸ್ ಶಂಕೆಯನ್ನು ಅಧಿಕಾರಿಗಳಿಗೆ ತಿಳಿಸುವುದು 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪ್ರಕಾರ ಕಡ್ಡಾಯ.